ಎರಡನೆಯವರ ಒಪ್ಪಿಗೆ

ಹೊಸನಗರದ ಕಡೆ ಗದ್ದೆಯ ಬದುವಿನಲ್ಲಿ 'ಈ ಜಾಗಕ್ಕೆ ಚೌಡಮ್ಮನ ಕಾವಲಿದೆ' ಎಂಬ ತಗಡಿನ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಅವು ಕಂಡಾಗಲೆಲ್ಲ ನಗುತ್ತಿದ್ದವನು ನಾನು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನಿಗೆ ದೇವಿಗಿಂತ ಕ್ಯಾಮೆರಾದ ಮೇಲೆ ನಂಬಿಕೆ ಹೆಚ್ಚು. ಈಗ ನಂಬುತ್ತೀಯಾ ಎಂದು ಕೇಳಬೇಡಿ. ನಡೆದದ್ದನ್ನು ಹೇಳುತ್ತೇನೆ. ಅದರಲ್ಲೂ ನನ್ನ ನೆನಪು ಎಷ್ಟು ಸರಿ ಎಂಬುದು ನನಗೇ ಖಾತ್ರಿಯಿಲ್ಲ.

ಕೆಲವು ವರ್ಷಗಳ ಹಿಂದೆ ಸಾಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ದೂರದ ಒಂದು ಆಸ್ಪತ್ರೆಯ ಸರ್ವರುಗಳನ್ನು ಕ್ಲೌಡ್‌ನಲ್ಲಿ ನೋಡಿಕೊಳ್ಳುವುದು ನಮ್ಮ ಕೆಲಸ. ಸರ್ವರ್ ಕೆಟ್ಟಾಗ ಯಾರು ಏನು ಬದಲಾಯಿಸಿದ್ದರಿಂದ ಕೆಟ್ಟಿತು ಎಂದು ಹುಡುಕಿ ವರದಿ ಕೊಡುವ ತನಿಖೆಯ ಸಾಫ್ಟ್‌ವೇರ್ ಒಂದಿತ್ತು. ವರದಿಯನ್ನು ಎಷ್ಟು ಕಾಲ ಇಡಬೇಕು, ಯಾರಿಗೆ ಕಳಿಸಬೇಕು ಎಂಬ ಅದರ ಸೆಟ್ಟಿಂಗ್‌ಗಳನ್ನು ಯಾರೂ ನೇರವಾಗಿ ಮುಟ್ಟುವಂತಿರಲಿಲ್ಲ. ಒಬ್ಬರು ಕೋಡ್ ಬರೆಯಬೇಕು, ಇನ್ನೊಬ್ಬರು ಓದಿ ಒಪ್ಪಿಗೆ ಕೊಡಬೇಕು. ಆಮೇಲಷ್ಟೇ ಅದು ಜಾರಿಗೆ ಬರುತ್ತಿತ್ತು.

ನನ್ನ ಕೋಡನ್ನು ಓದುತ್ತಿದ್ದವಳು ಹೊಸನಗರ ಕಡೆಯ ಸುಶೀಲಾ. ಅವರ ಗದ್ದೆಯಲ್ಲೂ ಅಂಥದೊಂದು ಬೋರ್ಡಿತ್ತು. ನಾನು ಗೇಲಿ ಮಾಡಿದರೆ, "ನಿನ್ ಕೋಡಿಗೆ ನಾನ್ ಕಾವ್ಲು, ನಮ್ ಗದ್ದೆಗೆ ಅವ್ಳು ಕಾವ್ಲು. ಎಂತ ವ್ಯತ್ಯಾಸ ಮಾರಾಯ?" ಎನ್ನುತ್ತಿದ್ದಳು.

ಒಮ್ಮೆ ಆಸ್ಪತ್ರೆಯ ಸರ್ವರ್ ನಿಂತು ದೊಡ್ಡ ಗಲಾಟೆಯಾಯಿತು. ತನಿಖೆಯ ವರದಿ ಆಗ ಹೋಗುತ್ತಿದ್ದುದು ನಮ್ಮ ಮ್ಯಾನೇಜರ್ ಒಬ್ಬನಿಗೇ. ಅವನು ತಪ್ಪನ್ನು ಸುಶೀಲಾಳ ತಲೆಗೆ ಕಟ್ಟಿ, ಅವತ್ತೇ ಅವಳನ್ನು ಮನೆಗೆ ಕಳಿಸಿ, ತಾನೇ ಕೂತು ಅವಳ ಲಾಗಿನ್ ಮುಚ್ಚಿದ. ಆಮೇಲೆ ಅವಳು ಎಲ್ಲಿ ಕೆಲಸ ಕೇಳಿದರೂ ಆ ಕೆಟ್ಟ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯ ಹಿರಿಯರು ಸಭೆಗೆ ಬರುವವರಿದ್ದರು. ಹಿಂದಿನ ದಿನ ಮ್ಯಾನೇಜರ್ ನನ್ನ ಮೇಜಿಗೆ ಬಂದ. "ಹಳೇ ವರದಿಗಳನ್ನ ಯಾಕ್ರೀ ಮ್ಯೂಸಿಯಂ ಥರ ಇಟ್ಕೊಂಡಿದೀರಿ, ಎಮ್ಮೆಸ್ಸಿ ಸಾಹೇಬ್ರೆ? ಅವಧಿ ಕಮ್ಮಿ ಮಾಡಿ, ಎಲ್ಲ ಅಳಿಸಿ ಹೋಗ್ಲಿ. ಒಪ್ಪಿಗೆ ನಾನೇ ಕೊಡ್ತೀನಿ."

ಈ ಅವಸರ ಏಕೆ ಎಂದು ಆ ಹಳೆಯ ವರದಿ ತೆರೆದು ನೋಡಿದೆ. ಸರ್ವರ್ ನಿಲ್ಲಿಸಿದ ಬದಲಾವಣೆ ಅವನದೇ.

ಅವನು ಹೇಳಿದ್ದಕ್ಕೆ ತದ್ವಿರುದ್ಧವಾದ ಕೋಡ್ ಬರೆದೆ. ವರದಿಗಳು ಅಳಿಯಬಾರದು, ಹಳೆಯವೂ ಸೇರಿ ಎಲ್ಲವೂ ಆಸ್ಪತ್ರೆಯ ಹಿರಿಯರಿಗೆ ನೇರವಾಗಿ ಹೋಗಬೇಕು. ಅವಸರದಲ್ಲಿ ಅವನು ಓದದೆಯೇ ಒಪ್ಪಿಗೆ ಕೊಡುತ್ತಾನೆಂದು ಗೊತ್ತಿತ್ತು. ತುಂಬಿದ ಸಭೆಯಲ್ಲಿ ಅವನ ಮುಖ ಹೇಗೆ ಬಿಳುಚಿಕೊಂಡೀತು ಎಂದು ನೆನೆನೆನೆದು ಒಳಗೊಳಗೇ ಸುಖಪಟ್ಟೆ. ಕಳಿಸುವ ಮೊದಲು ಸುಶೀಲಾಳಿಗೆ ಫೋನ್ ಮಾಡಿದೆ.

"ಬ್ಯಾಡ," ಎಂದಳು. "ನೀನೂ ಕೆಲ್ಸ ಕಳ್ಕಂಡ್ರೆ ನಂಗೆಂತ ಸಿಕ್ತು? ನಾ ಹೇಳೋ ಕಡೆ ಹೇಳಿ ಬಂದಾಗಿದೆ."

"ಎಲ್ಲಿ?"

"ಚೌಡಿ ಹತ್ರ. ಕಾಯಿ ಇಟ್ಟು ಬಂದೆ."

"ಚೌಡಿಗೆ ಲಾಗಿನ್ ಇದ್ಯಾ?"

"ನಗು, ನಗು. ನನ್ದಂತೂ ಕಿತ್ಕಂಡ್ರು. ಅವ್ಳಿಗಾದ್ರೂ ಇರ್ಲಿ."

ಅವಳ ಮಾತಿಗೆ ಕಟ್ಟುಬಿದ್ದು ಬರೆದದ್ದನ್ನೆಲ್ಲ ಅಳಿಸಿದೆ. ಖಾಲಿ ಪರದೆ ಈಗಲೂ ಕಣ್ಣಮುಂದಿದೆ. ಮ್ಯಾನೇಜರ್ ಕೇಳಿದ್ದನ್ನೂ ಮಾಡಲಿಲ್ಲ. ನಾಳೆ ಸಭೆಗೆ ಮೊದಲು ಕಳಿಸುತ್ತೇನೆ ಎಂದೆ, ಅವನು ನಂಬಿದ.

ಮರುದಿನ ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಮುಚ್ಚಿದ ಲ್ಯಾಪ್‌ಟಾಪ್ ಚೀಲದಲ್ಲಿ, ಚೀಲ ತೊಡೆಯ ಮೇಲೆ, ನಾನು ಬಸ್ಸಿನಲ್ಲಿ. ಹೊಸನಗರ ದಾಟಿದ ಮೇಲೆ ಕಾಡಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಸತ್ತಿತು. ತೀರ್ಥಹಳ್ಳಿಯಲ್ಲಿ ಇಳಿದು ನೋಡಿದರೆ ಮ್ಯಾನೇಜರ್‌ನ ಕರೆಗಳ ಸಾಲು. ತಿರುಗಿ ಮಾಡಿದೆ.

"ಏನ್ ಮಾಡಿಬಿಟ್ರಿ ನೀವು," ಎಂದ. ಧ್ವನಿಯಲ್ಲಿ ಕೋಪವೂ ಉಳಿದಿರಲಿಲ್ಲ. ಸಭೆಯ ನಡುವೆಯೇ ಆ ವರದಿ ಹಿರಿಯರೆಲ್ಲರ ಫೋನಿಗೂ ಬಂದು ಬಿದ್ದಿತ್ತಂತೆ.

ಸಾಗರಕ್ಕೆ ವಾಪಸಾದವನು ಮೊದಲು ನೋಡಿದ್ದು ಸೆಟ್ಟಿಂಗ್‌ಗಳನ್ನು. ಜಾರಿಗೆ ಬಂದಿದ್ದು ನಾನು ಅಳಿಸಿದ ಅದೇ ಕೋಡ್, ಅಕ್ಷರ ಬಿಡದೆ. ಬರೆದವರು ಎಂಬಲ್ಲಿ ನನ್ನ ಹೆಸರು. ಕಳಿಸಿದ್ದು ನಾನು ಸಿಗ್ನಲ್ ಇಲ್ಲದ ಕಾಡಿನಲ್ಲಿದ್ದ ಹೊತ್ತು. ಒಪ್ಪಿಗೆ ಕೊಟ್ಟವರು ಎಂಬಲ್ಲಿ ಸುಶೀಲಾ. ಅವಳ ಲಾಗಿನ್ ಮುಚ್ಚಿಯೇ ಇತ್ತು, ನಡುವೆ ಯಾರೂ ತೆರೆದ ಗುರುತಿರಲಿಲ್ಲ. ಅವಳನ್ನು ಕೇಳಿದೆ. "ನಾ ಆಗ ಸೊಪ್ಪು ಕೊಯ್ತಾ ಇದ್ದೆ ಮಾರಾಯ," ಎಂದಳು.

ಮ್ಯಾನೇಜರ್ ಕೆಲಸ ಕಳೆದುಕೊಂಡ. ಸುಶೀಲಾಳನ್ನು ಆಸ್ಪತ್ರೆಯವರೇ ಕರೆದು ಕೆಲಸಕ್ಕಿಟ್ಟುಕೊಂಡರು. ನಾನು ಅಳಿಸುವ ಮೊದಲೇ ಕಳಿಸಿಬಿಟ್ಟಿದ್ದೆನೇ? ಯಂತ್ರ ಎಲ್ಲೋ ತಡೆದಿಟ್ಟುಕೊಂಡು ಮರುದಿನ ಬಿಟ್ಟಿತೇ? ಹಾಗಾದರೆ ಆ ಒಪ್ಪಿಗೆ ಎಲ್ಲಿಂದ ಬಂತು? ಎಷ್ಟೋ ಸಲ ಕೂತು ಹುಡುಕಿದ್ದೇನೆ, ಉತ್ತರ ಸಿಕ್ಕಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಮರುಕವಿಲ್ಲ. ಅವನನ್ನು ಕೆಡವಿದ ಕೈ ನನ್ನದಾಗಿರಬೇಕೆಂದು ಎಷ್ಟು ಆಸೆಪಟ್ಟಿದ್ದೆ! ಹೆಸರೇನೋ ನನ್ನದೇ ಇದೆ, ಗುಂಡಿ ಒತ್ತಿದ ಆ ಒಂದು ಕ್ಷಣ ಮಾತ್ರ ನನ್ನ ನೆನಪಿನಲ್ಲಿಲ್ಲ.

ಈಗ ಆ ತಗಡಿನ ಬೋರ್ಡು ಕಂಡರೆ ನಗುವುದಿಲ್ಲ. ಭಕ್ತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.