ಮ್ಯಾನೇಜರನ ಅಂಗಳದ ಕಲ್ಲುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಉತ್ತರ ಆಫ್ರಿಕಾದ ಮರುಭೂಮಿಯ ಅಂಚಿನಲ್ಲಿದ್ದ ಒಂದು ಯುದ್ಧ ಸ್ಮಶಾನದಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಹಲವು ದೇಶಗಳ ಸೈನಿಕರ ಸಮಾಧಿಗಳು ಅಲ್ಲಿದ್ದವು. ಒಂದು ಮೂಲೆ ನಮ್ಮ ದೇಶದವರದು. ನನ್ನ ಊರು ಮೆಲ್ಕಾರ್. ಗಿಡ, ಹುಲ್ಲು ನೋಡಿಕೊಳ್ಳುತ್ತಿದ್ದ ಶೀನಣ್ಣ ವೇಣೂರಿನವರು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ.

ಮರಳುಗಾಳಿಗೆ ಸಮಾಧಿಕಲ್ಲಿನ ಅಕ್ಷರ ಸವೆಯುತ್ತದೆ. ಓದಲಿಕ್ಕೇ ಆಗದಷ್ಟು ಸವೆದರೆ ಹೊಸ ಕಲ್ಲು ನಿಲ್ಲಿಸಿ, ಹಳೆಯದನ್ನು ಪುಡಿಮಾಡಿ ಹೂಳಬೇಕು. ಬೇರೆ ಕೆಲಸಕ್ಕೆ ಬಳಸಬಾರದು. ಅದು ನಿಯಮ. ನಮ್ಮ ಮೂಲೆಯ ಒಂದು ಸಾಲಿನ ಕಲ್ಲುಗಳನ್ನು ಸವೆದಿವೆ ಎಂದು ಸ್ಮಶಾನದ ಮ್ಯಾನೇಜರ್ ಕೀಳಿಸಿದ್ದ. ಹೊಸದು ಮಾತ್ರ ಬರಲೇ ಇಲ್ಲ.

ಒಂದು ದಿನ ಮ್ಯಾನೇಜರನ ಬಂಗಲೆಯಲ್ಲಿ ನೀರಿನ ಪೈಪು ಒಡೆಯಿತು. ರಿಪೇರಿಗೆ ಹೋದ ಶೀನಣ್ಣ ಅಂಗಳದ ಹಾದಿಯ ಒಂದು ಚಪ್ಪಡಿ ಎಬ್ಬಿಸಿದರು. ಅಡಿಯಲ್ಲಿ ಒಬ್ಬ ಸಿಪಾಯಿಯ ಹೆಸರು, ಸ್ಪಷ್ಟವಾಗಿ. ಪಕ್ಕದ್ದೂ ಹಾಗೆಯೇ. ಹಾದಿಗೆ ಹಾಸಿದ್ದು ನಮ್ಮವರ ಸಮಾಧಿಕಲ್ಲುಗಳನ್ನು, ಮುಖ ಕೆಳಗೆ ಮಾಡಿ.

ಶೀನಣ್ಣ ನೇರವಾಗಿ ಮ್ಯಾನೇಜರನನ್ನೇ ಕೇಳಿದರು. ವಾರದೊಳಗೆ ಅವರ ಮೇಲೆ ಕಂಚಿನ ಫಲಕ ಕದ್ದ ಆರೋಪ ಬಂತು, ಊರಿಗೆ ಟಿಕೆಟೂ ಬಂತು.

ಹೊರಡುವಾಗ ಹೇಳಿದರು, "ಹಮೀದ್, ಕಳ್ಳ ಅಂತ ಹೆಸರಿಟ್ಟು ಕಳಿಸ್ತಾನೆ ನನ್ನನ್ನು. ಅವನನ್ನು ಬಿಡಬೇಡ ಮಾರಾಯ."

"ಬಿಡುವುದಿಲ್ಲ ಶೀನಣ್ಣ," ಎಂದೆ.

ದೂರು ಕೊಟ್ಟರೆ ಅದು ಅವನ ಮೇಜನ್ನು ದಾಟಿಯೇ ಮೇಲೆ ಹೋಗಬೇಕಿತ್ತು. ಹಾಗಾಗಿ ಕಾದೆ. ದಿನಾ ಅವನಿಗೆ ನಗುನಗುತ್ತಾ ಸಲಾಂ ಹೊಡೆದೆ. ಒಳಗೆ ಕೆಂಡ ಆರಲು ಬಿಡಲಿಲ್ಲ.

ವರ್ಷದ ಸ್ಮರಣೆಯ ದಿನ ಬಂತು. ಗಣ್ಯರಿಗೂ ಸೈನಿಕರ ಮನೆಯವರಿಗೂ ಬಂಗಲೆಯಲ್ಲಿ ಚಹಾ. ಅತಿಥಿಗಳನ್ನು ಕರೆತರಲು ಪಟ್ಟಣಕ್ಕೆ ಹೊರಟ ಮ್ಯಾನೇಜರ್, "ಹಾದಿ ಚೆನ್ನಾಗಿ ತೊಳೆಸಿಡು," ಎಂದು ನನಗೇ ಹೇಳಿ ಹೋದ. ಇಬ್ಬರು ಮೇಸ್ತ್ರಿಗಳನ್ನು ಕರೆದು ಒಂದೊಂದೇ ಕಲ್ಲನ್ನು ಮಗುಚಿಸಿದೆ. ಮಣ್ಣು ಕಚ್ಚಿದ್ದ ಅಕ್ಷರಗಳನ್ನು ನಾನೇ ಬ್ರಶ್ ಹಿಡಿದು ತೊಳೆದೆ. ಅಷ್ಟು ಖುಷಿಯಿಂದ ಆ ಕೆಲಸದಲ್ಲಿ ನಾನು ಬೇರೇನನ್ನೂ ಮಾಡಿದ್ದಿಲ್ಲ.

ಎಲ್ಲರಿಗಿಂತ ಮುಂದೆ ಬಂದವರು ನಮ್ಮ ಸೇನೆಯ ಒಬ್ಬ ನಿವೃತ್ತ ಅಧಿಕಾರಿ. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಬಗ್ಗಿ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಮುಂದಿನದನ್ನು. ಹಿಂದಿದ್ದವರೆಲ್ಲ ಗೇಟಿನಲ್ಲೇ ನಿಂತುಬಿಟ್ಟರು.

ಮ್ಯಾನೇಜರ್ ನನ್ನತ್ತ ತಿರುಗಿ ಕಿರುಚಿದ, "ಯಾರು ಮಾಡಿದ್ದು ಇದನ್ನು?"

"ನೀವು, ಸರ್. ನಾನು ತೊಳೆದದ್ದು ಮಾತ್ರ."

ತನಿಖೆ ನಡೆಯಿತು. ಅವನ ನೌಕರಿ ಹೋಯಿತು, ಶೀನಣ್ಣನ ಮೇಲಿನ ಆರೋಪವೂ ಬಿದ್ದುಹೋಯಿತು. ಕಲ್ಲುಗಳು ತಮ್ಮ ಜಾಗಕ್ಕೆ ಮರಳಿದವು. ನನ್ನ ಕಾಂಟ್ರ್ಯಾಕ್ಟನ್ನೂ ನಮ್ಮನ್ನು ಅಲ್ಲಿ ಕೆಲಸಕ್ಕಿಟ್ಟಿದ್ದ ಕಂಪೆನಿ ಮುಂದುವರಿಸಲಿಲ್ಲ, ಬೇಸರವಾಗಲಿಲ್ಲ.

ಊರಿಗೆ ಬಂದವನು ಮೊದಲು ಹೋದದ್ದು ವೇಣೂರಿಗೆ. ಶೀನಣ್ಣ ಎಲ್ಲ ಕೇಳಿ, "ಅವನ ಮುಖ ಹೇಗಿತ್ತು?" ಎಂದರು. ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡು, "ಇನ್ನೊಮ್ಮೆ ಹೇಳು," ಎಂದರು. ಇನ್ನೊಮ್ಮೆ ಹೇಳಿದೆ.

ಇಷ್ಟು ವರ್ಷದ ಮೇಲಾದರೂ ಅವನನ್ನು ಕ್ಷಮಿಸಬಾರದೇ ಎಂದು ಕೇಳುವವರಿದ್ದಾರೆ. ನನಗೆ ಮಾಡಿದ್ದಾದರೆ ನೋಡಬಹುದಿತ್ತು. ಸತ್ತವರ ಕಾವಲಿಗೆ ನಿಂತವನಿಗೆ ಅವರ ಪರವಾಗಿ ಕ್ಷಮಿಸುವ ಅಧಿಕಾರ ಇಲ್ಲ. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ.