ಅಕ್ಕನ ದಡಕ್ಕೆ ಒಂದು ಬಾರ್ಜು ಮಣ್ಣು

ಬಂದರಿನಲ್ಲಿ ಅವನನ್ನು ಎಲ್ಲರೂ ಹೂಳಪ್ಪ ಎಂದೇ ಕರೆಯುತ್ತಿದ್ದರು. ಹೂಳೆತ್ತುವ ಹಡಗಿನಲ್ಲಿ ದುಡಿದೇ ಕೂದಲು ನರೆತವನು. ನದಿ ತಾನು ಸಮುದ್ರ ಸೇರುವ ಕಡೆ ತಂದು ತುಂಬುವ ಕೆಸರನ್ನು ದಪ್ಪ ಕೊಳವೆಯಿಂದ ಹೀರಿ, ಪಕ್ಕದಲ್ಲಿ ನಿಂತ ಬಾರ್ಜು ಎಂಬ ಚಪ್ಪಟೆ ದೋಣಿಗೆ ತುಂಬಿಸುವುದು ಅವನ ಕೆಲಸ. ಬಾರ್ಜು ಅದನ್ನು ದೂರದ ಆಳಕ್ಕೆ ಒಯ್ದು, ತಳದ ಬಾಗಿಲು ತೆರೆದು ಸುರಿದು ಬರುತ್ತಿತ್ತು. ದೊಡ್ಡ ಹಡಗುಗಳು ಒಳಗೆ ಬರಬೇಕಾದರೆ ಅವು ಸಾಗುವ ಕಾಲುವೆ ಆಳವಾಗಿರಬೇಕು. "ನದಿ ಹಾಕತ್ತೆ, ನಾನು ತೆಗೀತೀನಿ. ಇಬ್ರದ್ದೂ ನೌಕರಿ ಕಾಯಂ" ಎಂದು ಅವನು ನಗುತ್ತಿದ್ದ.

ಆ ನಗು ನಿಂತದ್ದು ಅಕ್ಕನ ಅಡುಗೆಮನೆಯಲ್ಲಿ.

ಅಮ್ಮ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ. ನದಿ ಕವಲೊಡೆದು ಹರಡಿಕೊಂಡ ಜಾಗದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಕೊನೆಯ ನಡುಗಡ್ಡೆಯಲ್ಲಿ ಅವಳ ಮನೆ. ಮನೆಯ ಸುತ್ತ ತರಕಾರಿ ಬೆಳೆದು ಪಟ್ಟಣದ ಮಾರುಕಟ್ಟೆಗೆ ಕಳಿಸುತ್ತಿದ್ದಳು. ಆದರೆ ನೆಲ ಕುಸಿಯುತ್ತಿತ್ತು. ದೊಡ್ಡ ಉಬ್ಬರ ಬಂದಾಗಲೆಲ್ಲ ಉಪ್ಪುನೀರು ಹೊಸ್ತಿಲು ದಾಟುತ್ತಿತ್ತು. ಅವಳು ಒಳಗೆ ಮಣ್ಣು ಹಾಕಿ ಬಡಿದು ನೆಲ ಎತ್ತರಿಸುತ್ತಿದ್ದಳು. ಮತ್ತೆ ನೀರು ಬಂದರೆ ಮತ್ತೆ ಎತ್ತರಿಸುತ್ತಿದ್ದಳು. ಆ ದಿನ ಒಳಗೆ ಕಾಲಿಟ್ಟ ಹೂಳಪ್ಪನ ಹಣೆ ಬಾಗಿಲಿನ ಪಟ್ಟಿಗೆ ಧಡ್ ಎಂದು ಬಡಿಯಿತು.

"ಬಗ್ಗೋ. ಬೆಳೆದಿರೋದು ನೀನಲ್ಲ, ನೆಲ" ಎಂದಳು ಅಕ್ಕ.

ಅವನು ಹಣೆ ಉಜ್ಜಿಕೊಳ್ಳುತ್ತ ಕುಳಿತ. ಅವಳು ಒಂದು ಲೋಟ ನೀರು ಕೊಟ್ಟಳು. ಬಾವಿಯದು. ಕುಡಿದವನು ಮುಖ ಕಿವುಚಿದ.

"ಉಪ್ಪು, ಅಲ್ವಾ? ಹಾಗಲಬಳ್ಳಿ ಎಲ್ಲ ಸುಟ್ಟುಹೋಯ್ತು ನೋಡು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಒಂದು ಕೇಳ್ತೀನಿ ಹೇಳು. ನೀನು ದಿನಾ ಎತ್ತೋದು ಏನು?"

"ಕೆಸರು."

"ಅದನ್ನ ತುಂಬ್ಕೊಂಡು ನಮ್ಮನೆ ಮುಂದೇನೇ ಹೋಗತ್ತಲ್ಲ, ಆ ಬಾರ್ಜು, ಅದು ಎಲ್ಲಿಗೆ?"

"ಆಳಕ್ಕೆ. ಅಲ್ಲಿ ಸುರಿದು ಬರತ್ತೆ."

ಅಕ್ಕ ಅವನ ಕೈಯಿಂದ ಲೋಟ ಕಿತ್ತುಕೊಂಡಳು. "ಮಣ್ಣಿಲ್ದೆ ಸಾಯ್ತಿರೋರ ಮನೆ ಮುಂದೆ ಮಣ್ಣು ಮೆರವಣಿಗೆ ಮಾಡ್ಕೊಂಡು ಹೋಗಿ ನೀರಿಗೆ ಹಾಕ್ತೀರಲ್ಲೋ. ತಲೆ ನೆಟ್ಟಗಿದೆಯಾ ನಿಮಗೆಲ್ಲ?"

ದೋಣಿ ಹತ್ತಿ ವಾಪಸ್ಸು ಬರುವಾಗ ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಹೂಳಪ್ಪನನ್ನು ಕಾಡಿತು.

ಮರುದಿನ ಅವನು ಬಂದರಿನ ಎಂಜಿನಿಯರಮ್ಮನ ಕೋಣೆಗೆ ಹೋದ. ಅವಳ ಹಿಂದಿನ ಗೋಡೆಯಲ್ಲಿ ಆಕಾಶದಿಂದ ತೆಗೆದ ಚಿತ್ರ ತೂಗುತ್ತಿತ್ತು. ನದಿ ಬೆರಳು ಬಿಡಿಸಿದ ಅಂಗೈಯಂತೆ ಸಮುದ್ರಕ್ಕೆ ಚಾಚಿತ್ತು. ಅವನು ತಡವರಿಸುತ್ತ ವಿಷಯ ಹೇಳಿದ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ಅವಳು ಬೈಯಲಿಲ್ಲ, ಚಿತ್ರದ ಕಡೆ ತಿರುಗಿದಳು.

"ಈ ಮುಖಜಭೂಮಿ ಪೂರ್ತಿ ನದಿ ಕಟ್ಟಿರೋದು. ಮೆತ್ತನೆ ಮಣ್ಣು, ತನ್ನ ಭಾರಕ್ಕೇ ಕುಸೀತಾ ಇರತ್ತೆ. ವರ್ಷಾ ವರ್ಷ ಹೊಸ ಮಣ್ಣು ಬೀಳ್ತಿದ್ರೆ ಸರಿದೂಗತ್ತೆ. ಈಗ ಅರ್ಧಕ್ಕರ್ಧ ಮಣ್ಣು ಮೇಲಿನ ಅಣೆಕಟ್ಟುಗಳಲ್ಲೇ ಕೂತಿದೆ. ತಪ್ಪಿಸ್ಕೊಂಡು ಬಂದಿದ್ದನ್ನ ನಾವು ಹೀರಿ ಎಸೀತೀವಿ."

"ಹಾಗಾದ್ರೆ ಮೇಡಂ, ಗೊತ್ತಿದ್ದೂ..."

"ಎಷ್ಟು ಸಲ ಬರೆದಿದೀನಿ ಗೊತ್ತಾ? ಹೊರಗಿನ ನಡುಗಡ್ಡೆಗಳೇ ಪಟ್ಟಣಕ್ಕೆ ಗೋಡೆ. ಅವು ಹೋದ್ರೆ ಬಿರುಗಾಳಿ ಅಲೆ ಸೀದಾ ಈ ಕಚೇರಿ ಮೆಟ್ಟಿಲಿಗೆ ಬರತ್ತೆ. ಮೀನು ಮರಿ ಮಾಡೋದೂ ಅಲ್ಲಿನ ಕೆಸರಲ್ಲೇ. ಎಲ್ಲಾರೂ ಓದಿ ತಲೆ ಆಡಿಸ್ತಾರೆ. ಆದ್ರೆ ಮಣ್ಣು ಎಲ್ಲಿ ಹಾಕಬೇಕು ಅಂತ ಗುತ್ತಿಗೆ ಪತ್ರದಲ್ಲೇ ಬರೆದಿದೆ. ಅದನ್ನ ಬದಲಾಯಿಸೋ ಅಧಿಕಾರ ನನಗಿಲ್ಲ." ಅವಳ ಧ್ವನಿಯಲ್ಲಿದ್ದ ಬೇಸರ ಕಂಡು ಅವನಿಗೆ ಇನ್ನಷ್ಟು ಬೇಸರವಾಯಿತು. ಗೊತ್ತಿಲ್ಲದವರಿಗೆ ತಿಳಿಸಿ ಹೇಳಬಹುದು. ಇವಳಿಗೆ ಏನು ಹೇಳುವುದು?

ಅವಳೇ ನೀರಾವರಿ ಕಚೇರಿಗೆ ಹೋಗಲು ಹೇಳಿದಳು. ನೀರಾವರಿಯವರು ನಡುಗಡ್ಡೆ ಕಂದಾಯದವರ ಪಾಲು ಎಂದರು. ಕಂದಾಯದವರು ಕರಾವಳಿ ರಕ್ಷಣೆಯವರ ಕಡೆ ಕೈ ತೋರಿಸಿದರು. ಅಲ್ಲಿ ಮುರಿದ ಫ್ಯಾನಿನ ಕೆಳಗೆ ಕುಳಿತ ಗುಮಾಸ್ತ ತಲೆ ಎತ್ತದೆ ಕೇಳಿದ: "ನೀವು ಬಂದರಿನೋರಾ, ನಡುಗಡ್ಡೆಯೋರಾ?"

"ಎರಡೂ."

"ಎರಡೂ ಆಗಕ್ಕಾಗಲ್ಲ. ಯಾವುದಾದ್ರೂ ಒಂದು ಹೇಳಿ."

ಚಪ್ಪಲಿ ಸವೆಯಿತು, ರಜೆ ಸವೆಯಿತು. ಅಷ್ಟರಲ್ಲಿ ಮತ್ತೊಂದು ದೊಡ್ಡ ಉಬ್ಬರ ಬಂದು ಅಕ್ಕನ ಕೋಳಿಗೂಡನ್ನು ಕೋಳಿಗಳ ಸಮೇತ ಎತ್ತಿಕೊಂಡು ಹೋಯಿತು. ಅಕ್ಕ ಅಳಲಿಲ್ಲ; ತಮ್ಮ ಬಂದಾಗ ಮಾತೂ ಆಡಲಿಲ್ಲ. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಬಾರ್ಜು ನಡೆಸುವವನಿಗೆ ‘ಮೈಕು’ ಎಂದು ಹೆಸರು. ಬಾಯಿ ಬಿಡುವುದೇ ಅಪರೂಪವಾದ್ದರಿಂದ ಆ ಹೆಸರು. ಊಟದ ಹೊತ್ತಿನಲ್ಲಿ ಹೂಳಪ್ಪ ಅವನ ಪಕ್ಕ ಕುಳಿತು ಎಲ್ಲವನ್ನೂ ಹೇಳಿ, "ಒಂದೇ ಒಂದು ಬಾರ್ಜು. ಅಕ್ಕನ ದಡದ ಮುಂದೆ" ಎಂದ. ಮೈಕು ಡಬ್ಬಿ ಖಾಲಿ ಮಾಡಿ, ತೊಳೆದು, ಮುಚ್ಚಳ ಹಾಕಿದ. ಆಮೇಲೆ ಹೂಂ ಎಂದ.

ಉಬ್ಬರ ಏರಿದ ಒಂದು ಮಧ್ಯಾಹ್ನ ಇಬ್ಬರೂ ಬಾರ್ಜನ್ನು ಕಾಲುವೆಯಿಂದ ಹೊರಗೆ ತಿರುಗಿಸಿದರು. ದಡದಲ್ಲಿ ಅಕ್ಕ, ನೆರೆಹೊರೆಯವರು ಗೂಟ ಹೊಡೆದು, ಕೊಂಬೆ ಹೆಣೆದು ಬೇಲಿ ಮಾಡಿಕೊಂಡು ಕಾಯುತ್ತಿದ್ದರು. ತಳದ ಬಾಗಿಲು ತೆರೆಯಿತು. ಬೂದುಬಣ್ಣದ ಕೆಸರು ಗುಳುಗುಳು ಎಂದು ಇಳಿದು ಬೇಲಿಯ ಕಡೆ ಹರಡಿತು. ಅಕ್ಕ ಮೊಣಕಾಲುದ್ದ ನೀರಿಗಿಳಿದು ಕೈಯಲ್ಲಿ ಅದನ್ನು ಎತ್ತಿ ಹಿಸುಕಿ ನೋಡಿದಳು. "ಒಳ್ಳೇ ಮಣ್ಣು ಕಣೋ" ಎಂದಳು. ಬಹಳ ದಿನಗಳ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

ಹೊರಡಲು ಎಂಜಿನು ಚಾಲೂ ಮಾಡಿದರೆ ಬಾರ್ಜು ಅಲುಗಲಿಲ್ಲ. ತಾವೇ ಸುರಿದ ಕೆಸರಿನ ಮೇಲೆ ಅದು ಕುಂಡೆಯೂರಿ ಕುಳಿತುಬಿಟ್ಟಿತ್ತು. ನೀರು ಇಳಿಯುತ್ತ ಹೋಯಿತು. ಬಂದರಿನ ಗಸ್ತು ದೋಣಿ ಬರುವ ಹೊತ್ತಿಗೆ ಬಾರ್ಜು ಪೂರ್ತಿ ಬಯಲಲ್ಲಿತ್ತು. ಅದರ ನೆರಳಿನಲ್ಲಿ ನಡುಗಡ್ಡೆಯ ಮಕ್ಕಳು ಆಡುತ್ತಿದ್ದರು.

ವಿಚಾರಣೆಯಲ್ಲಿ ಹೂಳಪ್ಪ ತಪ್ಪನ್ನೆಲ್ಲ ತನ್ನ ತಲೆಗೇ ಹಾಕಿಕೊಳ್ಳಲು ಹೊರಟ. ಮೈಕು ಕೆಮ್ಮಿ, "ಚುಕ್ಕಾಣಿ ಹಿಡಿದಿದ್ದು ನಾನು" ಎಂದ. ಅಲ್ಲಿದ್ದ ಅರ್ಧ ಜನ ಅವನ ದನಿ ಕೇಳಿದ್ದೇ ಅಂದು. ಇಬ್ಬರನ್ನೂ ನೀರಿನ ಮೇಲಿನ ಕೆಲಸದಿಂದ ತೆಗೆದು ಹಗ್ಗದ ಗೋದಾಮಿನ ಕೆಲಸಕ್ಕೆ ಹಾಕಿದರು.

ಎಂಜಿನಿಯರಮ್ಮ ಅದೇ ಗಲಾಟೆಯನ್ನು ಹಿಡಿದುಕೊಂಡು ಮತ್ತೊಮ್ಮೆ ಮೇಲಿನವರ ಮುಂದೆ ಕುಳಿತಳು. ಪವಾಡವೆಂಬಂತೆ ಒಪ್ಪಿಗೆ ಸಿಕ್ಕಿತು: ಹೂಳನ್ನು ದಡಕ್ಕೆ ಹಾಕಿ ನೋಡುವ ಪ್ರಯೋಗ. ಅವಳು ಗೋದಾಮಿಗೇ ಬಂದು ಸುದ್ದಿ ಹೇಳಿದಳು. ಆದರೆ ಮುಖ ಅರಳಿರಲಿಲ್ಲ.

"ಜಾಗ ಯಾವುದು ಮೇಡಂ?"

"ಬಂದರಿನ ಹೊಸ ಉಗ್ರಾಣದ ಹಿಂದಿನ ದಡ."

ಹೂಳಪ್ಪ ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ನೆಲಕ್ಕೆ ಎತ್ತಿಹಾಕಿದ. "ಅಲ್ಲಿ ಯಾರ ಮನೆ ಮುಳುಗ್ತಿದೆ?"

"ಯಾರದ್ದೂ ಇಲ್ಲ. ಆದ್ರೆ ಅಲ್ಲಿ ಸರಿಹೋದ್ರೆ ಮುಂದೆ ನಡುಗಡ್ಡೆಗೂ ಕೇಳಬಹುದು." ‘ಮುಂದೆ’ ಎಂಬ ಮಾತನ್ನು ಅವಳು ನೆಲ ನೋಡುತ್ತ ಹೇಳಿದಳು.

ಮಳೆಗಾಲದ ಅಲೆಗಳು ಅಕ್ಕನ ದಡದ ಮಣ್ಣನ್ನು ಮುಕ್ಕಾಲು ಪಾಲು ನೆಕ್ಕಿಕೊಂಡು ಹೋದವು. ಬೇಲಿಯ ಒಳಗೆ ಸಿಕ್ಕಿಕೊಂಡ ಒಂದು ಪಟ್ಟಿ ಮಾತ್ರ ಉಳಿಯಿತು. ಅದರಲ್ಲಿ ಉಪ್ಪುನೀರಿನ ಗಿಡಗಳ ಮೊಳಕೆ ಎದ್ದವು. ಅಷ್ಟರಲ್ಲಿ ಕರಾವಳಿ ರಕ್ಷಣೆಯವರಿಂದ ನೋಟೀಸು ಬಂತು: ಅನುಮತಿಯಿಲ್ಲದೆ ಸುರಿದ ಮಣ್ಣನ್ನು ಕೂಡಲೇ ತೆಗೆಸಬೇಕು.

ಹೂಳಪ್ಪ ಅದನ್ನು ಓದಿ ಹೇಳಿದ. ಅಕ್ಕ ಬೇಲಿಯ ಸಡಿಲ ಗೂಟವೊಂದನ್ನು ಕಲ್ಲಿನಿಂದ ಬಡಿಯುತ್ತಿದ್ದಳು.

"ಸಮುದ್ರ ಆಗ್ಲೇ ಬಹಳಷ್ಟು ತೆಗೆಸಿದೆ ಅಂತ ಬರಿ. ಉಳಿದಿದ್ದಕ್ಕೆ ಅವ್ರೇ ಬರಲಿ. ಯಾರ ಪಾಲಿನ ಜಾಗ ಅಂತ ಆಗಲಾದ್ರೂ ಗೊತ್ತಾಗತ್ತೆ."

ಯಾರೂ ಬರಲಿಲ್ಲ. ಹೂಳಪ್ಪ ರಜೆಯ ದಿನಗಳಲ್ಲಿ ಹೋಗಿ ಬೇಲಿ ಬಿಗಿಗೊಳಿಸುತ್ತಾನೆ. ಕೆಲವೊಮ್ಮೆ ಮೈಕು ಜೊತೆಗಿರುತ್ತಾನೆ. ಕಾಲುವೆಯಲ್ಲಿ ಈಗ ಬೇರೆ ಯಾರೋ ಹೂಳೆತ್ತುತ್ತಾರೆ. ತುಂಬಿದ ಬಾರ್ಜು ಹಾದುಹೋಗುವಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, ಅದು ಕಣ್ಮರೆಯಾಗುವವರೆಗೂ ಜೋರಾಗಿ ಬೈಯುತ್ತಾಳೆ.