ಬೆಲೆ ಬರೆಯದ ಊಟ

ಹಡಗಿನ ಊಟದ ಹಾಲ್‌ನಲ್ಲಿ ನಾನು ಒಂಬತ್ತು ವರ್ಷ ಬಡಿಸುವ ಕೆಲಸ ಮಾಡಿದೆ. ಸಾಮಾನು ಸಾಗಿಸುವ ಹಡಗಲ್ಲ. ಜನ ಟಿಕೆಟ್ ತೆಗೆದು ಹತ್ತಿ, ಮೂರು ನಾಲ್ಕು ದಿನ ಸಮುದ್ರದ ಮೇಲೆ ಉಂಡು ಮಲಗಿ, ಹತ್ತಿದ ಬಂದರಿನಲ್ಲೇ ಮತ್ತೆ ಇಳಿದು ಮನೆಗೆ ಹೋಗುವ ಕ್ರೂಸ್ ಹಡಗು. ಕಿಟಕಿಯ ಪಕ್ಕದ ಆರು ಟೇಬಲ್ ನನ್ನ ಪಾಲಿಗೆ. ರಾತ್ರಿ ಊಟ ಎರಡು ಪಂಕ್ತಿ. ಯಾರು ಯಾವ ಪಂಕ್ತಿ, ಯಾವ ಟೇಬಲ್ ಎಂಬುದು ಹಡಗು ಹೊರಡುವ ಮುಂಚೆಯೇ ಪಟ್ಟಿಯಾಗಿರುತ್ತಿತ್ತು.

ಹಡಗಿನೊಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡ್ ಕೊಡುತ್ತಾರೆ. ರೂಮಿನ ಬೀಗದ ಕೈಯೂ ಅದೇ, ಗುರುತಿನ ಚೀಟಿಯೂ ಅದೇ, ಪರ್ಸೂ ಅದೇ. ಕೊಂಡದ್ದೆಲ್ಲ ಅದರ ಮೇಲೆ ಏರುತ್ತದೆ, ಇಳಿಯುವ ಮುಂಚೆ ಒಟ್ಟಿಗೆ ಕಟ್ಟಬೇಕು. ಟಿಕೆಟ್ಟಿನಲ್ಲಿ ಸೇರಿದ ಊಟ ಯಾವುದು, ಸೇರದ್ದು ಯಾವುದು ಎಂಬುದು ಮೊದಲ ದಿನ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ತಪ್ಪುವುದು ಒಂದೇ ಕಡೆಗೆ. ಎಲ್ಲ ಬಿಟ್ಟಿ ಎಂದುಕೊಂಡು ಕುಡಿದು ತಿಂದು, ಕೊನೆಯ ಬೆಳಿಗ್ಗೆ ರಿಸೆಪ್ಷನ್ನಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಇನ್ನೊಂದು ಕಡೆಗೆ ತಪ್ಪಿದವರನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಅವರು ನಮ್ಮ ಸೀಮೆಯವರೇ ಆಗಿದ್ದರು.

ಆ ಸಲ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಮೂರು ರಾತ್ರಿಯ ಪ್ರಯಾಣ. ಸಿಮೆಂಟ್ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಹೆಂಡತಿಯರ ಸಮೇತ ಕಳಿಸಿತ್ತು. ನನ್ನ ಟೇಬಲ್ಲುಗಳಲ್ಲಿ ಒಂದು ಅಂಥ ದಂಪತಿಗೆ ಮೀಸಲಾಗಿತ್ತು. ಮೊದಲ ರಾತ್ರಿ ಅವರು ಬರಲಿಲ್ಲ. ಬರಲಿಲ್ಲ ಎಂದರೆ, ಬಾಗಿಲವರೆಗೆ ಬಂದರು. ಅರವತ್ತು ದಾಟಿದ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ರೇಷ್ಮೆ ಸೀರೆಯ ಹೆಂಗಸು. ಅಂದಿನ ಅಡುಗೆಗಳ ಪಟ್ಟಿ ಬಾಗಿಲ ಬಳಿ ಒಂದು ಸ್ಟ್ಯಾಂಡಿನಲ್ಲಿತ್ತು. ಅವರು ಅದನ್ನು ಮೇಲಿಂದ ಕೆಳಗೆ ನೋಡಿದರು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಹೆಂಡತಿಗೆ ಏನೋ ಹೇಳಿ, ಇಬ್ಬರೂ ಹಿಂದಿರುಗಿ ಹೋದರು.

ಮರುದಿನ ಬೆಳಿಗ್ಗೆ ತಿಂಡಿಗೂ ಟೇಬಲ್ ಖಾಲಿ ಇತ್ತು. ಹಡಗಿನ ತೂಗಾಟಕ್ಕೆ ಹೊಟ್ಟೆ ತೊಳಸುತ್ತಿರಬೇಕು ಎಂದುಕೊಂಡೆ. ಹಾಗಾದವರಿಗೆ ನಾವು ಹಸಿರು ಸೇಬು, ಉಪ್ಪಿನ ಬಿಸ್ಕತ್ತು ಕಳಿಸುವ ವಾಡಿಕೆ. ಹೊಟ್ಟೆ ಖಾಲಿ ಬಿಟ್ಟರೆ ತೊಳಸುವುದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ರೂಮು ಗುಡಿಸುವವನ ಕೈಯಲ್ಲಿ ಒಂದು ತಟ್ಟೆ ಕಳಿಸಿದೆ. ಅವನು ಅದನ್ನು ಹಾಗೇ ವಾಪಸ್ ತಂದ. ನಾವು ತರಲು ಹೇಳಿಲ್ಲ, ನಮಗೆ ಬೇಡ ಎಂದು ಕೈಸನ್ನೆ ಮಾಡಿದರಂತೆ. ರೂಮಿನ ಮೇಜಿನ ಮೇಲೆ ನಿಪ್ಪಟ್ಟಿನ ಕವರ್ ಇತ್ತು ಎಂದೂ ಅವನು ಹೇಳಿದ. ಅವನಿಗೆ ನಿಪ್ಪಟ್ಟು ಎಂಬ ಹೆಸರು ಗೊತ್ತಿರಲಿಲ್ಲ. ಕಡಲೆಬೀಜ ಸಿಕ್ಕಿಸಿದ ಗಟ್ಟಿ ರೊಟ್ಟಿಯಂಥದ್ದು ಎಂದ. ಅದು ನಿಪ್ಪಟ್ಟೆಂದು ನನಗೆ ಗೊತ್ತಾಯಿತು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೇಲಿನ ಅಂತಸ್ತಿಗೆ ಹೋಗಿದ್ದೆ. ಅಲ್ಲಿ ದಿನವಿಡೀ ಬಫೆ ಇರುತ್ತದೆ. ಅದರ ಹೊರಗಿನ ಬೆಂಚಿನ ಮೇಲೆ ಆ ಹೆಂಗಸು ಕೂತಿದ್ದರು. ಹಣೆ, ಕುತ್ತಿಗೆ ಬೆವರಿ ಒದ್ದೆಯಾಗಿತ್ತು. ತೊಡೆಯ ಮೇಲಿದ್ದ ಕೈಬೆರಳು ನಡುಗುತ್ತಿದ್ದವು. ಗಂಡ ಟವೆಲ್ಲಿನಲ್ಲಿ ಗಾಳಿ ಹಾಕುತ್ತಿದ್ದರು. ನಮಗೆ ಕೊಟ್ಟ ತರಬೇತಿಯಲ್ಲಿ ಇಂಥದ್ದನ್ನು ಗುರುತು ಹಿಡಿಯುವುದನ್ನು ಹೇಳಿಕೊಟ್ಟಿದ್ದರು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟರೆ ಹೀಗಾಗುತ್ತದೆ. ಒಳಗೆ ಹೋಗಿ ಒಂದು ಲೋಟ ಕಿತ್ತಳೆ ಜ್ಯೂಸ್ ತಂದು ಹಿಡಿದೆ. ಇಬ್ಬರೂ ಲೋಟವನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ಗಂಡ ಮೆಲ್ಲಗೆ ಹೆಂಡತಿಗೆ ಹೇಳಿದರು:

"ಕುಡ್ದ್ಬುಡು. ಎಷ್ಟಾದ್ರೂ ಆಗ್ಲಿ, ಕಟ್ಟಿದ್ರಾಯ್ತು."

ಹೆಂಡತಿ ತಲೆಯಾಡಿಸಿ, "ನಾಕೊದ್ದು" ಎಂದು ತೆಲುಗಿನಲ್ಲಿ ಬೇಡವೆಂದರು.

ಆ ಎರಡು ಮಾತಿನಿಂದ ನನಗೆ ಅವರ ಊರಿನ ದಿಕ್ಕು ಹೆಚ್ಚು ಕಡಿಮೆ ತಿಳಿಯಿತು. "ಅಮ್ಮ, ಇದ್ಕೆ ದುಡ್ಡಿಲ್ಲ. ಮೊದ್ಲು ಕುಡೀರಿ, ಆಮ್ಯಾಕ್ ಮಾತಾಡನ" ಎಂದೆ.

ಅವರು ಕುಡಿದರು. ನಿಯಮದ ಪ್ರಕಾರ ನಾನು ಮೊದಲು ಹಡಗಿನ ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು. ಜ್ಯೂಸ್ ಮುಗಿದ ಮೇಲೆ ಮಾಡಿದೆ. ನರ್ಸ್ ಬಂದು ಬೆರಳು ಚುಚ್ಚಿ ನೋಡಿ, ಇನ್ನೊಂದು ಲೋಟ ಕುಡಿಸಿ, ಕೂಡಲೇ ಊಟ ಮಾಡಿಸಿ ಎಂದು ಹೇಳಿ, ಅವರ ಕಾರ್ಡಿನ ನಂಬರ್ ಬರೆದುಕೊಂಡು ಹೋದಳು. ಅಷ್ಟು ಹೊತ್ತಿಗೆ ಆಯಮ್ಮನ ಕೈನಡುಕ ನಿಂತಿತ್ತು.

ಗಂಡ ನನ್ನ ಊರು ಕೇಳಿದರು. ಶಿರಾ ಎಂದೆ. ಅವರದು ಕೊರಟಗೆರೆ, ಸಿಮೆಂಟ್ ಕಬ್ಬಿಣದ ಅಂಗಡಿ. ಹೆಂಡತಿಯ ತವರು ಪಾವಗಡದಾಚೆ ವೈ.ಎನ್. ಹೊಸಕೋಟೆಯ ಕಡೆ. ಊಟಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಹೇಳಲು ಅವರಿಗೆ ಮನಸ್ಸಿರಲಿಲ್ಲ. ಹೆಂಡತಿ ಹೇಳಿದರು.

ಬಂದರಿನಲ್ಲಿ ಕಂಪನಿಯವನು ಹಿಂದಿಯಲ್ಲಿ ಭಾಷಣ ಮಾಡಿದ್ದನಂತೆ. ಇವರಿಗೆ ತಿಳಿದದ್ದು ಎರಡೇ ವಿಷಯ: ಏನು ಮುಟ್ಟಿದರೂ ಕಾರ್ಡ್ ಉಜ್ಜುತ್ತಾರೆ, ಬಿಲ್ಲು ಕೊನೆಗೆ ಬರುತ್ತದೆ. ತುಮಕೂರಿನ ಕಡೆಯ ಇನ್ನಿಬ್ಬರು ಡೀಲರುಗಳು ಹತ್ತಿದ ಗಳಿಗೆಯಿಂದ ಬಾರಿನಲ್ಲೇ ಇದ್ದರು. ಪ್ರತಿ ಗ್ಲಾಸಿಗೂ ಕಾರ್ಡ್ ಉಜ್ಜಿ ಸಹಿ ಹಾಕಿಸಿಕೊಳ್ಳುವುದನ್ನು ಇವರು ಕಣ್ಣಾರೆ ಕಂಡರು. ರೂಮಿಗೆ ಬಂದರೆ ನೀರಿನ ಬಾಟಲಿಯ ಕುತ್ತಿಗೆಗೂ ರೇಟಿನ ಚೀಟಿ ಕಟ್ಟಿತ್ತು. ಆ ರೇಟಿಗೆ ಕೊರಟಗೆರೆಯಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು. ನೀರಿಗೇ ಇಷ್ಟಾದರೆ ಅನ್ನಕ್ಕೆ ಎಷ್ಟು ಎಂದು ತಿಳಿಯಲು ಊಟದ ಹಾಲ್‌ಗೆ ಬಂದು ಪಟ್ಟಿ ನೋಡಿದರು. ಪಟ್ಟಿಯಲ್ಲಿ ರೇಟೇ ಇಲ್ಲ.

ಇಲ್ಲಿ ಗಂಡ ಬಾಯಿ ಹಾಕಿದರು. "ಮೂವತ್ತು ವರ್ಸದಿಂದ ಯಾಪಾರ ಮಾಡಿವ್ನಿ ಕಣಪ್ಪ. ರೇಟ್ ಬರೀದೆ ಇಕ್ಕಿರೋ ಸಾಮಾನು ಯಾವತ್ತೂ ದುಬಾರಿನೇ."

ನಾನು ಅವರನ್ನು ಬಫೆಯೊಳಗೆ ಕರೆದುಕೊಂಡು ಹೋದೆ. ಈ ಹಾಲ್‌ನಲ್ಲಿ ಇರುವುದು, ಕೆಳಗೆ ನನ್ನ ಹಾಲ್‌ನಲ್ಲಿ ಇರುವುದು ಎಲ್ಲ ಟಿಕೆಟ್ಟಿನಲ್ಲಿ ಸೇರಿದೆ, ಕಂಪನಿಯವರು ಮೊದಲೇ ಕಟ್ಟಿದ್ದಾರೆ ಎಂದೆ. ರೇಟು ಬರೆದಿಲ್ಲದ್ದು ಅದಕ್ಕೇ. ಇಲ್ಲಿಯ ನಲ್ಲಿಯ ನೀರು, ಮೆಷಿನ್ನಿನ ಟೀ ಕಾಫಿ ಸೇರಿದೆ. ಮೆಟ್ಟಿಲ ಬಳಿಯ ಕಾಫಿ ಅಂಗಡಿ, ಬಾರು, ಕೆಂಪು ಬಾಗಿಲಿನ ಎರಡು ಸಣ್ಣ ಹೋಟೆಲು ಸೇರಿಲ್ಲ. ರೂಮಿನ ಬಾಟಲಿ ಮುಟ್ಟಬೇಡಿ, ಖಾಲಿ ಬಾಟಲಿ ತಂದು ಇಲ್ಲಿ ತುಂಬಿಸಿಕೊಳ್ಳಿ. ಅವರು ಒಂದೊಂದನ್ನೂ ಎರಡು ಸಲ ಕೇಳಿದರು.

"ಎಲ್ಡ್ನೇ ಸಲ ಹಾಕುಸ್ಕಂಡ್ರೆ?"

"ಹತ್ನೇ ಸಲ ಹಾಕುಸ್ಕಂಡ್ರೂ ಅಷ್ಟೇ ಯಜಮಾನ್ರೇ."

ಹೆಂಡತಿ ಅನ್ನ ಮೊಸರು ಹಾಕಿಕೊಂಡು ಕೂತರು. ಆತುರವಿಲ್ಲದೆ, ತಲೆ ಎತ್ತದೆ ಉಂಡರು. ಗಂಡ ತಟ್ಟೆ ಹಿಡಿದು ಸಾಲಿನಲ್ಲಿ ಒಂದು ಸುತ್ತು ಬಂದು, ಏನನ್ನೂ ಹಾಕಿಕೊಳ್ಳದೆ ಬಂದು ಪಕ್ಕದಲ್ಲಿ ಕೂತರು. ಹೆಂಡತಿ ತಮ್ಮ ತಟ್ಟೆಯನ್ನು ಅವರ ಕಡೆ ಸರಿಸಿದ ಮೇಲೆ ತಿಂದರು. ನನ್ನ ಮುಖ ನೋಡಲಿಲ್ಲ. ನಾಚಿಕೆಯಾದ ಮನುಷ್ಯ ತನ್ನ ನಾಚಿಕೆಯನ್ನು ಕಂಡವನ ಮೇಲೆ ಸ್ವಲ್ಪ ಹೊತ್ತು ಸಿಟ್ಟಾಗಿರುತ್ತಾನೆ. ಹೋಟೆಲಿನ ಕೆಲಸದಲ್ಲಿ ಇದು ಅಭ್ಯಾಸವಾಗಿರುತ್ತದೆ. ನಾನು ಕೆಳಗಿಳಿದು ನನ್ನ ಕೆಲಸಕ್ಕೆ ಹೋದೆ.

ಸಂಜೆ ಮೊದಲ ಪಂಕ್ತಿಗೆ ಅವರೇ ಮೊದಲು ಬಂದರು. ಯಜಮಾನರು ಪಟ್ಟಿಯಲ್ಲಿದ್ದ ಸಸ್ಯಾಹಾರವನ್ನೆಲ್ಲ ತರಲು ಹೇಳಿದರು. ಮೊದಲು ಎರಡು ತರುತ್ತೇನೆ, ರುಚಿ ನೋಡಿ, ಬೇಕಾದರೆ ಮತ್ತೆ ತರುತ್ತೇನೆ ಎಂದೆ. ಕೇಳಲಿಲ್ಲ. ಐದು ತಟ್ಟೆ ಬಂದವು. ಮೂರು ಹಾಗೇ ಉಳಿದವು. ಹೆಂಡತಿ ಉಳಿದದ್ದನ್ನು ನೋಡುತ್ತ, "ಬಿಟ್ಟಿ ಅಂದ್ಬುಟ್ಟು ಚೆಲ್ಲಕ್ಕೆ ಹಾಕುಸ್ಕಂತಾರಾ ಯಾರಾದ್ರೂ" ಎಂದರು. ಯಜಮಾನರು ಕೈಯಲ್ಲಿ ಉಣ್ಣಬಹುದೇ ಎಂದು ನನ್ನನ್ನು ಕೇಳಿದರು. ಉಣ್ಣಬಹುದು ಎಂದು ಚಾಕು ಚಮಚಗಳನ್ನು ತೆಗೆದುಕೊಂಡು ಹೋದೆ. ಹಿಟ್ಟು, ಅಂದರೆ ರಾಗಿಮುದ್ದೆ, ಸಿಗುತ್ತದೆಯೇ ಎಂದು ಹೆಂಡತಿ ಕೇಳಿದರು. ರಾಗಿ ಈ ಹಡಗನ್ನು ಹತ್ತಿಲ್ಲ ಎಂದೆ. ಮರುದಿನಕ್ಕೆ ಏನು ಬೇಕೆಂದು ಹಿಂದಿನ ರಾತ್ರಿಯೇ ಹೇಳಿದರೆ ಖಾರ, ಎಣ್ಣೆ, ಬೆಳ್ಳುಳ್ಳಿ ನೋಡಿಕೊಂಡು ಮಾಡಿಸಬಹುದು ಎಂದು ತಿಳಿಸಿದೆ. ಅವರು ಅನ್ನ, ತೆಳ್ಳಗಿನ ಬೇಳೆಸಾರು ಕೇಳಿದರು. ಕೊನೆಯವರೆಗೂ ಅದನ್ನೇ ಉಂಡರು.

ಮೂರನೆಯ ದಿನ ಯಜಮಾನರ ಸಿಟ್ಟು ಇಳಿದಿತ್ತು. ನಾಳೆ ಇಳಿಯುವ ಮುಂಚೆ ಸಾಲಿನಲ್ಲಿ ನಿಲ್ಲಬೇಡಿ, ಇವತ್ತೇ ರಿಸೆಪ್ಷನ್ನಿನಲ್ಲಿ ಲೆಕ್ಕದ ಚೀಟಿ ಕೇಳಿ ನೋಡಿಕೊಳ್ಳಿ ಎಂದು ನಾನೇ ಹೇಳಿದ್ದೆ. ಚೀಟಿಯನ್ನು ನನ್ನ ಬಳಿ ತಂದರು. ಅದರಲ್ಲಿ ಇದ್ದದ್ದು ಒಂದೇ ಸಾಲು: ನರ್ಸ್ ಬಂದು ಹೋದದ್ದರ ಚಾರ್ಜು. ಹಡಗಿನಲ್ಲಿ ಆಸ್ಪತ್ರೆ ಟಿಕೆಟ್ಟಿಗೆ ಸೇರುವುದಿಲ್ಲ. ಅದನ್ನು ಓದಿ ಹೇಳಿದೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಉಂಡಿದ್ರೆ ಇದೂ ಇರ್ತಿರ್ಲಿಲ್ಲ" ಎಂದರು. ನನ್ನ ಕೈಗೆ ದುಡ್ಡು ತುರುಕಲು ಬಂದಾಗ, ಬಡಿಸುವವರ ಭಕ್ಷೀಸು ಟಿಕೆಟ್ಟಿನಲ್ಲೇ ಹಿಡಿದಿದ್ದಾರೆ ಎಂದು ಹೇಳಿ ತಡೆದೆ. ಅದು ನಿಜವೇ. ಆದರೂ ಬೇರೆಯವರು ಕೊಟ್ಟರೆ ನಾವು ತೆಗೆದುಕೊಳ್ಳುತ್ತಿದ್ದೆವು.

ಹೋಗುವ ಮುಂಚೆ ನಮ್ಮ ಮನೆ ಶಿರಾದಲ್ಲಿ ಎಲ್ಲಿ ಎಂದು ಕೇಳಿದರು. ಹೈವೇ ಪಕ್ಕದ ಅಣ್ಣನ ವೆಲ್ಡಿಂಗ್ ಅಂಗಡಿಯ ಗುರುತು ಹೇಳಿದೆ. ಕಬ್ಬಿಣ ಮಾರುವವರಿಗೆ ವೆಲ್ಡಿಂಗ್ ಅಂಗಡಿ ಹುಡುಕುವುದು ಕಷ್ಟವಲ್ಲ ಎಂಬುದು ಆಗ ಹೊಳೆಯಲಿಲ್ಲ.

ಎರಡು ತಿಂಗಳ ನಂತರ ಅವರು ಅಲ್ಲಿಗೆ ಹೋದರು. ಕಬ್ಬಿಣದ ಲೋಡಿನ ವಿಷಯವಾಗಿ ಶಿರಾಕ್ಕೆ ಬಂದವರು ಅಣ್ಣನ ಅಂಗಡಿ ಹುಡುಕಿ, ಅಣ್ಣನ ಜೊತೆ ಮನೆಗೂ ಹೋಗಿ, ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳಿದರಂತೆ: "ನಿಮ್ಮ ಯಜಮಾನ್ರು ಹಡಗ್ನಾಗೆ ನಮ್ಗೆ ಕೈಯಾರೆ ಬಡ್ಸಿ ಉಣ್ಣುಸ್ದ್ರು ಕಣಮ್ಮ. ನಮ್ಮನೆ ಹೆಂಗಸಿನ ಪ್ರಾಣ ಉಳ್ಸಿದ್ರು." ಒಂದು ಚೀಲ ಕಡಲೆಬೀಜವನ್ನೂ ಇಳಿಸಿ ಹೋದರು.

ನನ್ನ ಹೆಂಡತಿ ತಿಳಿದಿದ್ದಂತೆ ನಾನು ಹಡಗಿನಲ್ಲಿ ಮ್ಯಾನೇಜರ್. ಮದುವೆಯ ಮಾತುಕತೆಯಲ್ಲಿ ಅಣ್ಣ ಹಾಗೆ ಹೇಳಿದ್ದ. ನಾನು ತಿದ್ದಿರಲಿಲ್ಲ. ಅವಳು ತನ್ನ ತವರಿನಲ್ಲೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಳು. ಆ ದಿನ ಅಣ್ಣ ನನಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ. ಹೆಂಡತಿ ಮಾಡಲಿಲ್ಲ. ನಾನು ಮಾಡಿದರೆ ಮಕ್ಕಳ ಕೈಗೆ ಕೊಡುತ್ತಿದ್ದಳು. ಹೀಗೆ ಎಂಟು ಹತ್ತು ದಿನ ನಡೆಯಿತು.

ಆಮೇಲೆ ಮಾತಾಡಿದಳು. ಮನೆಯಲ್ಲಿ ನಮ್ಮದು ಉರ್ದು. ಹೇಳಿದ್ದರ ಸಾರ ಹೀಗಿತ್ತು. ಸುಳ್ಳು ಹೇಳಿದ್ದು ನಿಮ್ಮಣ್ಣ, ಅದನ್ನು ಅಲ್ಲಾನ ಮುಂದೆ ಅವರೇ ನೋಡಿಕೊಳ್ಳಲಿ. ಬಡಿಸುವ ಕೆಲಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಎಷ್ಟು ಟೇಬಲ್ ನಿಮಗೆ? ಆರು ಎಂದೆ. ದಿನಕ್ಕೆ ಎಷ್ಟು ಹೊತ್ತಿನ ಊಟ? ಮೂರು. ರಜೆಗೆ ಬಂದಾಗ ಮನೆಯಲ್ಲಿ ಉಂಡ ತಟ್ಟೆಯನ್ನು ಒಂದು ದಿನವಾದರೂ ಎತ್ತಿ ಇಟ್ಟಿದ್ದೀರಾ? ಮ್ಯಾನೇಜರ್ ಗಂಡನೆಂದು ನಾನು ಇಷ್ಟು ವರ್ಷ ಕೂತಲ್ಲಿಗೇ ನೀರು ತಂದುಕೊಟ್ಟೆ, ಎಂದಳು.

ಕ್ಷಮೆ ಕೇಳಿದೆನೋ ಇಲ್ಲವೋ ಈಗ ನೆನಪಿಲ್ಲ.

ಹಡಗಿನ ಕೆಲಸಗಾರರು ವರ್ಷಕ್ಕೊಮ್ಮೆ ಮನೆಯವರನ್ನು ಕಡಿಮೆ ದರದಲ್ಲಿ ಕರೆದೊಯ್ಯಬಹುದು. ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ, ಕಾರಣ ಹೇಳಬೇಕಿಲ್ಲ. ನನ್ನ ಕೊನೆಯ ಕಾಂಟ್ರಾಕ್ಟಿನ ವರ್ಷ ಹೆಂಡತಿಗೆ ಬರಲು ಹೇಳಿದೆ. ಮಕ್ಕಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದಳು. ಹೊರಡುವ ಮುಂಚೆ ಅವಳಿಗೆ ತಯಾರಿ ಹೇಳಿಕೊಟ್ಟದ್ದು ಕೊರಟಗೆರೆಯ ಆಯಮ್ಮ, ಫೋನಿನಲ್ಲಿ; ಕಡಲೆಬೀಜ ಬಂದ ದಿನದಿಂದ ಇಬ್ಬರ ನಡುವೆ ಮಾತು ಬೆಳೆದಿತ್ತು. ದೊಡ್ಡ ಪೆಟ್ಟಿಗೆ ರೂಮಿಗೆ ಬರುವುದು ಸಂಜೆಯಾಗುತ್ತದೆ, ಮಾತ್ರೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹಡಗು ಹೊರಟು ದಡ ಮರೆಯಾಗುವ ಮೊದಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕು, ಇಲ್ಲದಿದ್ದರೆ ಹಡಗಿನ ನೆಟ್‌ವರ್ಕು ಹಿಡಿದು ಬಿಲ್ಲು ಬರುತ್ತದೆ. ಹತ್ತಿದ ದಿನ ಲೈಫ್ ಜಾಕೆಟ್ ತೋರಿಸಲು ಕರೆಯುತ್ತಾರೆ, ತಪ್ಪಿಸಬೇಡ. ಇದೆಲ್ಲ ನಾನು ಒಂದು ದಿನವೂ ಅವಳಿಗೆ ಹೇಳಿರಲಿಲ್ಲ. ಯಜಮಾನರು ಕೂಡ ಮಧುಗಿರಿ, ದೊಡ್ಡೇರಿ ಕಡೆಯ ಡೀಲರುಗಳಿಗೆ ಹೀಗೇ ಹೇಳಿಕೊಡುತ್ತಿದ್ದಾರೆಂದು ಆಮೇಲೆ ಕೇಳಿದೆ. ತಾವು ಹಸಿದಿದ್ದ ಸುದ್ದಿಯನ್ನೂ ಮುಚ್ಚಿಡುವುದಿಲ್ಲವಂತೆ.

ಸೂಪರ್‌ವೈಸರನ್ನು ಕೇಳಿ ಹೆಂಡತಿಗೆ ನನ್ನದೇ ಟೇಬಲ್ ಹಾಕಿಸಿದ್ದೆ. ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ಮೊದಲು ಕೇಳಿದಳು. ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಕೋಳಿ ಹೌದು, ಉಳಿದದ್ದು ಗೊತ್ತಿಲ್ಲ ಎಂದೆ. ಹಾಗಾದರೆ ಕೋಳಿ ತನ್ನಿ ಎಂದಳು. ನಾನು ಬೇರೆ ಐದು ಟೇಬಲ್ಲುಗಳ ಮಧ್ಯೆ ಓಡಾಡುವುದನ್ನು, ಕೈಮೇಲೆ ನಾಲ್ಕು ತಟ್ಟೆ ಸಾಲಾಗಿ ಹೊತ್ತು ತರುವುದನ್ನು, ಒಬ್ಬ ಮುದುಕನ ಪಂಚೆಯ ಮೇಲೆ ಚೆಲ್ಲಿದ ಸಾರನ್ನು ಒರೆಸಿದ್ದನ್ನು ಊಟ ಮಾಡುತ್ತಲೇ ನೋಡುತ್ತಿದ್ದಳು. ನಾನು ಅವಳ ಟೇಬಲ್ಲಿಗೆ ಬಂದಾಗ ಬೇರೆಯವರಿಗೆ ಕೇಳುವ ಹಾಗೇ ಇನ್ನೇನು ಬೇಕು ಎಂದು ಕೇಳಿದೆ.

"ನೀವು ಯಾವಾಗ ಊಟ ಮಾಡೋದು?" ಎಂದಳು.

ಎರಡನೆಯ ಪಂಕ್ತಿ ಎದ್ದ ಮೇಲೆ ಎಂದೆ. ಅವಳು ತಲೆಯಾಡಿಸಿ ಇನ್ನೊಂದು ಚಪಾತಿ ತರಲು ಹೇಳಿದಳು.